ಸಹಾಯ ಬೇಕು: ಕಲ್ಲು ಗಣಿ ಎಲ್ಲೆಲ್ಲಿಂದ ಕಾಣುತ್ತದೆಂದು ತೋರಿಸುವುದು ಹೇಗೆ?

ಊರಿನ ಎದುರಿನ ಗುಡ್ಡದಲ್ಲಿ ಕಲ್ಲು ಗಣಿ ತೆರೆಯುವ ಪ್ರಸ್ತಾವವಿದೆ. ಯೋಜನಾ ವರದಿಯಲ್ಲಿ ‘ದೃಶ್ಯ ಪರಿಣಾಮ ನಗಣ್ಯ’ ಎಂಬ ಒಂದೇ ಸಾಲು. ಜೊತೆಗೆ ಅಗಲ ಕೋನದ ಲೆನ್ಸಿನಲ್ಲಿ ತೆಗೆದ ಒಂದು ಚಿತ್ರ. ಅದರಲ್ಲಿ ಗುಡ್ಡವೇ ಇರುವೆಗೂಡಿನಷ್ಟಾಗಿದೆ.

ಹಾಗಾಗಿ ನಾನೇ ಲೆಕ್ಕ ಹಾಕಲು ಕುಳಿತೆ. ಕ್ಯುಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಎಸ್‌ಆರ್‌ಟಿಎಂ ದತ್ತಾಂಶ (ಬಾಹ್ಯಾಕಾಶದಿಂದ ರಾಡಾರ್ ಅಳೆದ ಎತ್ತರ, 30 ಮೀಟರಿನ ಚೌಕಕ್ಕೆ ಒಂದರಂತೆ) ಹಾಕಿ, ಕಣ್ಣಿನ ಎತ್ತರ 1.6 ಮೀಟರ್ ಎಂದು ಕೊಟ್ಟು ಗೋಚರ ಪ್ರದೇಶದ ನಕ್ಷೆ ತೆಗೆದೆ. ಅದರ ಪ್ರಕಾರ ಶಾಲೆಯ ಅಂಗಳದಿಂದ ಗಣಿಯ ಜಾಗ ಕಾಣಬಾರದು. ಹೋಗಿ ನಿಂತರೆ ಗುಡ್ಡದ ನೆತ್ತಿ, ಮೇಲಿನ ಒಂಟಿ ಬಂಡೆಯ ಸಮೇತ, ಕಣ್ಣೆದುರಿಗೇ ಇದೆ! ಚೂಪಾದ ನೆತ್ತಿ 30 ಮೀಟರಿನ ಚೌಕದಲ್ಲಿ ಸರಾಸರಿಯಾಗಿ ತಗ್ಗಿರಬೇಕು. ಇಲ್ಲವೇ ನಡುವಿನ ತೋಪಿನ ಮರಗಳ ತಲೆಯನ್ನೇ ದತ್ತಾಂಶ ನೆಲವೆಂದು ಎಣಿಸಿರಬೇಕು. ಇದನ್ನು ಸರಿಪಡಿಸುವ ದಾರಿ ಯಾರಿಗಾದರೂ ಗೊತ್ತೇ? ಭೂಮಿಯ ಬಾಗುವಿಕೆಯ ತಿದ್ದುಪಡಿ ಮೂರು ಕಿಲೋಮೀಟರಿನೊಳಗೆ ಒಂದು ಮೀಟರಿಗೂ ಕಡಿಮೆ, ಹಾಗಾಗಿ ಅದರ ಚಿಂತೆ ಬಿಟ್ಟಿದ್ದೇನೆ.

ಇನ್ನೊಂದು ತೊಡಕು, ನನಗೆ ಇದೇ ದೊಡ್ಡದು. ಫುಲ್ ಫ್ರೇಮ್ ಕ್ಯಾಮೆರಾ, 50 ಮಿ.ಮೀ. ಲೆನ್ಸಿನಲ್ಲಿ (ಬರಿಗಣ್ಣಿನ ನೋಟಕ್ಕೆ ಹತ್ತಿರವಾದದ್ದು) ತೆಗೆದ ಚಿತ್ರದ ಮೇಲೆ, ಗಣಿಯಲ್ಲಿ ಕಲ್ಲು ಕಡಿದಂತೆ ಮೂಡುವ ಮೆಟ್ಟಿಲುಗಳನ್ನು ಕೂರಿಸಿ ತೋರಿಸಬೇಕೆಂದಿದ್ದೇನೆ. ಆದರೆ ಹೊಸದಾಗಿ ಸೀಳಿದ ಕಲ್ಲಿನ ಬಿಳುಪನ್ನು ಎಷ್ಟು ಇಡಲಿ? ಹೆಚ್ಚಾದರೆ ಉತ್ಪ್ರೇಕ್ಷೆ ಎನ್ನುತ್ತಾರೆ, ಕಡಿಮೆಯಾದರೆ ನನ್ನ ಚಿತ್ರವೇ ಅವರ ಪರ ಸಾಕ್ಷಿ ಹೇಳುತ್ತದೆ. ಇಂಥ ಚಿತ್ರ ಮಾಡಿದ ಅನುಭವವಿದ್ದವರು ದಯವಿಟ್ಟು ತಿಳಿಸಿ. ಆಕ್ಷೇಪಣೆ ಸಲ್ಲಿಸಲು ಎರಡೇ ವಾರ ಉಳಿದಿದೆ.