ಸಾಂಕ್ರಾಮಿಕ ರೋಗದ ಟೈಮಲ್ಲಿ ತೀರಿಕೊಂಡೋರ ದೇಹ: ಮುಟ್ಟಬಹುದಾ, ಮುಖ ನೋಡಬಹುದಾ?

ಬೆಳ್ಳಿಚುಕ್ಕಿ:

ಎಲ್ರಿಗೂ ನಮಸ್ಕಾರ. ನಾವೊಂದಿಷ್ಟು ಜನ ವಾಲಂಟಿಯರ್ಸ್ ಸೇರ್ಕೊಂಡು ಒಂದು ಸಣ್ಣ ನೋಟ್ ಬರೀತಿದೀವಿ, ಮುಂದೆ ಕೋವಿಡ್ ತರದ್ದು ಏನಾದ್ರೂ ಮತ್ತೆ ಬಂದ್ರೆ ತೀರಿಕೊಂಡವರ ಮನೆಯವರಿಗೆ ಏನು ಹೇಳ್ಬೇಕು, ಏನು ಮಾಡ್ಬೇಕು ಅಂತ. ಬರೆಯೋಕೆ ಕೂತ್ರೆ ಒಬ್ರ ಮಾತು ಇನ್ನೊಬ್ರಿಗೆ ಹೊಂದ್ತಾನೇ ಇಲ್ಲ. ಒಬ್ರು ಹೆಣದ ಹತ್ರಾನೇ ಸುಳೀಬಾರ್ದು ಅಂತಾರೆ, ಇನ್ನೊಬ್ರು ಮನುಷ್ಯ ಸತ್ಮೇಲೆ ವೈರಸ್ಸೂ ಸತ್ತಂಗೇ ಬಿಡಿ ಅಂತಾರೆ, ಮತ್ತೊಬ್ರು ಸುಡ್ಲೇಬೇಕು ಮಣ್ಣು ಮಾಡಂಗಿಲ್ಲ ಅಂತ ಪಟ್ಟು ಹಿಡಿದು ಕೂತಿದಾರೆ. ಕೋವಿಡಲ್ಲಿ ನಮ್ಮ ದೊಡ್ಡಪ್ಪ ಹೋದಾಗ ನಮಗೆ ಮುಖಾನೂ ತೋರಿಸ್ಲಿಲ್ಲ, ಆ ಬ್ಯಾಗಲ್ಲಿ ಇದ್ದದ್ದು ಅವರೇನಾ ಅಂತ ದೊಡ್ಡಮ್ಮ ಈಗ್ಲೂ ಕೇಳ್ತಾರೆ, ಹಂಗಾಗಿ ನನಗೆ ಇದು ಬರೀ ನೋಟ್ ಬರೆಯೋ ವಿಷಯ ಅಲ್ಲ.

ಹೆಣದಿಂದ ನಿಜವಾಗ್ಲೂ ರೋಗ ಅಂಟುತ್ತಾ, ಅಂಟಿದ್ರೆ ಯಾವ ದಾರೀಲಿ? ಮನೆಯವರು ಮುಖ ನೋಡಬಹುದಾ, ಸ್ನಾನ ಮಾಡಿಸಬಹುದಾ? ಅವರ ಬಟ್ಟೆ, ಕನ್ನಡಕ, ಫೋನು ಇದನ್ನೆಲ್ಲ ಏನ್ಮಾಡ್ಬೇಕು? ವಾಟ್ಸಾಪ್ ಫಾರ್ವರ್ಡ್ ಬೇಡ ಪ್ಲೀಸ್, ಗೊತ್ತಿದ್ದೋರು ಹೇಳಿ.

ಒಂಟಿಸಲಗ:

ಇದ್ರಲ್ಲಿ ಅಷ್ಟು ಯೋಚನೆ ಮಾಡೋಕೆ ಏನಿದೆ ಮೇಡಂ, ಬ್ಯಾಗಲ್ಲಿ ಹಾಕಿ ಸೀಲ್ ಮಾಡಿ ಯಾರಿಗೂ ಕೊಡ್ದೆ ಸೀದಾ ಸುಟ್ಟುಬಿಡೋದು, ಸಾಮಾನೂ ಜೊತೆಗೇ ಸುಟ್ಬಿಡೋದು. ಹೋದೋರಂತೂ ಹೋದ್ರು, ಇರೋರು ಉಳೀಬೇಕಲ್ವಾ. ಭಾವನೆ ಗೀವನೆ ಎಲ್ಲ ಆಮೇಲೆ ನೋಡ್ಕೊಂಡ್ರಾಯ್ತು.

ಗುಬ್ಬಚ್ಚಿ:

ಸಲಗ ಅವ್ರೇ ಬೇಜಾರ್ ಮಾಡ್ಕೋಬೇಡಿ, ನೀವು ಹೇಳಿದ್ದನ್ನ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ನಿಜವಾಗ್ಲೂ ಮಾಡಿ ನೋಡಿದ್ರು. 2014ರ ಆಗಸ್ಟಲ್ಲಿ ಎಬೋಲಾ ಅನ್ನೋ ಮಾರಕ ವೈರಸ್ ರೋಗ ಜೋರಾದಾಗ ಅಲ್ಲಿನ ರಾಜಧಾನಿ ಮನ್ರೋವಿಯಾದಲ್ಲಿ ಎಲ್ಲ ಹೆಣಾನೂ ಸುಡ್ಬೇಕು ಅಂತ ಆರ್ಡರ್ ಆಯ್ತು. ಅಲ್ಲಿ ಸುಡೋ ಪದ್ಧತೀನೇ ಇರ್ಲಿಲ್ಲ. ಏನಾಯ್ತು ಅಂದ್ರೆ ಜನ ಕಾಯಿಲೆ ಬಂದೋರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದನ್ನೇ ನಿಲ್ಲಿಸಿದ್ರು, ಸತ್ರೆ ಯಾರಿಗೂ ಹೇಳ್ದೆ ರಾತ್ರೋರಾತ್ರಿ ಮಣ್ಣು ಮಾಡಿದ್ರು, ಅಂದ್ರೆ ಗ್ಲೌಸೂ ಇಲ್ಲ ಕ್ಲೋರಿನ್ನೂ ಇಲ್ಲ, ಬರಿಗೈಲಿ. ಯಾವುದನ್ನ ತಪ್ಪಿಸೋಕೆ ಹೋಗಿದ್ರೋ ಅದೇ ಆಯ್ತು. ಅದೇ ವರ್ಷದ ಕೊನೇಲಿ ಆ ಆರ್ಡರ್ ಬಿಟ್ಟು ಮಣ್ಣು ಮಾಡೋಕೆ ಬೇರೆ ಜಾಗ ಕೊಟ್ರು. ಅದಕ್ಕೂ ಸ್ವಲ್ಪ ಮುಂಚೆ, 2014ರ ನವೆಂಬರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ನಿಯಮ ತಂತು, ಮನೆಯವರನ್ನೂ ಅವರ ಧರ್ಮದ ಹಿರಿಯರನ್ನೂ ಮೊದಲಿಂದಾನೇ ಜೊತೆಗೆ ಇಟ್ಕೋಬೇಕು ಅಂತ. ಮೈ ತೊಳೆಯೋಕೆ ಆಗಲ್ಲ ಅಂದ್ರೆ ಮುಸ್ಲಿಮರಿಗೆ ನೀರಿಲ್ದೇ ಮಾಡೋ ಶುದ್ಧಿ, ಅದನ್ನ ಕೂಡ ಆ ನಿಯಮದಲ್ಲೇ ಬರೆದಿದಾರೆ. ಮರ್ಯಾದೆ ಕೊಟ್ರೆ ಜನ ಹೆಣ ಬಚ್ಚಿಡಲ್ಲ, ಅಷ್ಟೇ ಲೆಕ್ಕ.

ಇನ್ನು ಬೆಳ್ಳಿಚುಕ್ಕಿ ಅವ್ರ ಪ್ರಶ್ನೆ. ಯಾವ ರೋಗ ಅಂತ ಹೇಳ್ದೆ ಇದಕ್ಕೆ ಉತ್ತರಾನೇ ಇಲ್ಲ, ನಿಮ್ಮ ನೋಟಲ್ಲಿ ಮೊದಲನೇ ಸಾಲು ಅದೇ ಇರ್ಲಿ.

ಎಬೋಲಾ ತರದ್ದಾದ್ರೆ ಹೆಣ ನಿಜವಾಗ್ಲೂ ಅಪಾಯ. ಸಾಯೋ ಹೊತ್ತಿಗೆ ಮೈ ತುಂಬ ವೈರಸ್ ಇರುತ್ತೆ, ರಕ್ತ ವಾಂತಿ ಭೇದಿ ಎಲ್ಲದ್ರಲ್ಲೂ, ಸತ್ಮೇಲೂ ತಕ್ಷಣ ಹೋಗಲ್ಲ. ಕೋತಿಗಳ ಹೆಣದಲ್ಲಿ ಪರೀಕ್ಷೆ ಮಾಡಿದಾಗ 7 ದಿನ ಆದ್ಮೇಲೂ ಜೀವಂತ ವೈರಸ್ ಸಿಕ್ಕಿತ್ತು. ಲೈಬೀರಿಯಾ ಪಕ್ಕದ ಗಿನಿಯಲ್ಲಿ 2014ರ ಆಗಸ್ಟ್ ಹೊತ್ತಿನ ಕೇಸ್‌ಗಳಲ್ಲಿ ಸುಮಾರು ಶೇ. 60ರಷ್ಟಕ್ಕೆ ಹೆಣ ಮುಟ್ಟಿ ತೊಳೆದು ಮಾಡೋ ಸಂಸ್ಕಾರದ ನಂಟಿತ್ತು. ಅಲ್ಲಿ ಟ್ರೈನಿಂಗ್ ಆದ ಟೀಮ್ ಬಿಟ್ಟು ಬೇರೆ ಯಾರೂ ಮುಟ್ಟಬಾರ್ದು, ಇದ್ರಲ್ಲಿ ಎರಡು ಮಾತಿಲ್ಲ.

ಕಾಲರಾದಲ್ಲಿ ಕಷ್ಟ ಇರೋದು ಹೊಟ್ಟೆಯಿಂದ ಸೋರೋ ದ್ರವದಲ್ಲಿ. ಮೈ ಸೋಂಕುನಿವಾರಕ ಹಾಕಿ ಒರೆಸ್ಬೇಕು, ಸೋರೋ ಕಡೆ ಕ್ಲೋರಿನ್‌ನಲ್ಲಿ ಅದ್ದಿದ ಹತ್ತಿ ಇಡ್ಬೇಕು, ಮತ್ತೆ ಮುಖ್ಯವಾಗಿ ಹೆಣ ತೊಳೆದವರೇ ಹೋಗಿ ಬಂದವರಿಗೆ ಅಡುಗೆ ಮಾಡೋಕೆ ನಿಲ್ಲಬಾರ್ದು. ಇದನ್ನ ಯಾರೂ ಹೇಳಲ್ಲ, ಆದ್ರೆ ಸಂಸ್ಕಾರ ಮುಗಿಸಿ ಊಟ ಮಾಡಿ ಹೋದ ಜನಾನೂ ಊರೂರಿಗೆ ಕಾಲರಾ ಹೊತ್ಕೊಂಡು ಹೋಗ್ಬಹುದು.

ಕೋವಿಡ್ ಹರಡಿದ್ದು ಮುಖ್ಯವಾಗಿ ಉಸಿರಿಂದ. ಹೆಣ ಉಸಿರಾಡಲ್ಲ, ಕೆಮ್ಮಲ್ಲ. ಪೂರ್ತಿ ಸೊನ್ನೆ ಅಪಾಯ ಅಂತಲ್ಲ, ಎತ್ತಿ ಹೊರಳಿಸುವಾಗ ಎದೆಯೊಳಗಿನ ಗಾಳಿ ಬಾಯಿಂದ ಹೊರಗೆ ಬರ್ಬಹುದು, ಅದಕ್ಕೇ ಎತ್ತೋಕೆ ಮುಂಚೆ ಬಾಯಿ ಮೂಗಿನ ಮೇಲೆ ಒಂದು ಬಟ್ಟೆ ಹಾಕ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 24ಕ್ಕೇ ಬರೆದಿತ್ತು: ಮನೆಯವರು ನೋಡಬಹುದು, ಮುಟ್ಟೋದು ಮುತ್ತಿಡೋದು ಬೇಡ, ಆಮೇಲೆ ಕೈ ಸೋಪು ಹಾಕಿ ತೊಳೀಬೇಕು. ಸೋರ್ತಾ ಇಲ್ಲ ಅಂದ್ರೆ ಬ್ಯಾಗೇ ಬೇಕಾಗಿಲ್ಲ ಅಂತಾನೂ ಅದರಲ್ಲೇ ಇದೆ. ಸುಡ್ಲೇಬೇಕು ಅನ್ನೋದು ತಪ್ಪು ನಂಬಿಕೆ ಅಂತಾನೂ ಅದೇ ಕಾಗದದಲ್ಲಿ ಹೇಳಿದೆ. ಆದ್ರೂ ಶ್ರೀಲಂಕಾದಲ್ಲಿ 2020ರಿಂದ 2021ರ ಫೆಬ್ರವರಿ ತನಕ ಕೋವಿಡ್‌ನಲ್ಲಿ ಹೋದ ಎಲ್ರನ್ನೂ ಸುಡ್ಲೇಬೇಕು ಅಂತ ರೂಲ್ಸ್ ಇತ್ತು, ಅಲ್ಲಿನ ಮುಸ್ಲಿಮರಿಗೆ ಅದೆಷ್ಟು ಸಂಕಟ ಆಯ್ತು ಅಂತ ಬೇರೆ ಹೇಳ್ಬೇಕಾ. ವಿಜ್ಞಾನದ ಹೆಸರು ಹಾಕ್ಕೊಂಡು ಮಾಡಿದ್ದು, ವಿಜ್ಞಾನ ಏನೂ ಅದರಲ್ಲಿ ಇರ್ಲಿಲ್ಲ.

ಒಂಟಿಸಲಗ:

ಸರಿ ಒಪ್ಕೋತೀನಿ ಲೈಬೀರಿಯಾ ವಿಷಯ ಗೊತ್ತಿರ್ಲಿಲ್ಲ. ಆದ್ರೆ ದಿನಕ್ಕೆ ಒಬ್ಬಿಬ್ರು ಹೋಗುವಾಗ ಈ ಮಾತೆಲ್ಲ ಚೆನ್ನಾಗಿರುತ್ತೆ. ಸಾಲು ಸಾಲಾಗಿ ಬರ್ತಿದ್ರೆ, ಇಡೋಕೆ ಜಾಗ ಇಲ್ಲ ಅಂದ್ರೆ, ಹೆಣ ಕೊಳೆತು ಊರಿಗೆಲ್ಲ ರೋಗ ಬರಲ್ವಾ? ಆಗ ಯಾರು ಯಾರ ಮುಖ ತೋರಿಸ್ತಾ ಕೂರ್ತಾರೆ?

ನೈಟ್‌ಡ್ಯೂಟಿ:

ನಾನು ಶವಾಗಾರದಲ್ಲಿ ಕೆಲಸ ಮಾಡೋನು, ಯಾವ ಆಸ್ಪತ್ರೆ ಅಂತ ಕೇಳ್ಬೇಡಿ. ಸಲಗ ಅವ್ರ ಪ್ರಶ್ನೆ ನ್ಯಾಯವಾಗಿದೆ, ಕೋವಿಡ್ ಟೈಮಲ್ಲಿ ನಾವೂ ಅದೇ ಕೇಳ್ಕೊಂಡಿದ್ವಿ.

ಕೊಳೆತ ಹೆಣದಿಂದ ಊರಿಗೆ ರೋಗ ಅನ್ನೋದು ಹಳೇ ಹೆದರಿಕೆ. ಭೂಕಂಪ ಪ್ರವಾಹದಲ್ಲಿ ಹೋದವರು ಗಾಯ ಆಗಿಯೋ ಮುಳುಗಿಯೋ ಹೋದವರು, ಅವರಿಂದ ಯಾವ ಸಾಂಕ್ರಾಮಿಕಾನೂ ಹುಟ್ಟಲ್ಲ. ವಾಸನೆಗೂ ರೋಗಕ್ಕೂ ಸಂಬಂಧ ಇಲ್ಲ. ಆದ್ರೂ ಆ ಹೆದರಿಕೇಲೇ 2010ರಲ್ಲಿ ಹೈಟಿ ದೇಶದಲ್ಲಿ ಭೂಕಂಪ ಆದಾಗ ಲಾರಿಗಟ್ಟಲೆ ಹೆಣಗಳನ್ನ ಹೆಸರಿಲ್ದೆ ದೊಡ್ಡ ಗುಂಡಿಗೆ ಹಾಕಿದ್ರು, ಯಾರು ಎಲ್ಲಿ ಅಂತ ಮನೆಯವರಿಗೆ ಇನ್ನು ಗೊತ್ತಾಗೋದೂ ಇಲ್ಲ. ರೋಗದಿಂದಾನೇ ಹೋದವರಾದ್ರೂ ಅವಸರ ಮಾಡಿದ್ರೆ ಆಗೋ ನಷ್ಟ ಅದೇ.

ಜಾಗ ಇಲ್ಲ ಅಂದ್ರೆ ತಣ್ಣಗೆ ಇಡೋ ವ್ಯವಸ್ಥೆ ಮೊದ್ಲು ಮಾಡ್ಕೋಬೇಕು, 2ರಿಂದ 4 ಡಿಗ್ರಿ ಸೆಲ್ಸಿಯಸ್. ತರಕಾರಿ ಮೀನು ಸಾಗಿಸೋ ಫ್ರಿಡ್ಜ್ ಲಾರಿಗಳು ಆಗುತ್ತೆ, ನ್ಯೂಯಾರ್ಕಲ್ಲಿ 2020ರಲ್ಲಿ ಅದೇ ತರದ ಲಾರಿ ಆಸ್ಪತ್ರೆ ಮುಂದೆ ನಿಲ್ಲಿಸಿದ್ರು. ಒಳಗೆ ಹಲಗೆ ಹೊಡೆಸಿ, ಒಬ್ಬರ ಮೇಲೆ ಒಬ್ಬರನ್ನ ಅಡುಕ್ಬೇಡಿ. ಸಾದಾ ಮಂಜುಗಡ್ಡೆ ಬೇಡ, ಕರಗಿ ನೀರೆಲ್ಲ ಗಲೀಜಾಗಿ ಲೇಬಲ್ಲೂ ಹಾಳಾಗುತ್ತೆ. ಡ್ರೈ ಐಸ್ (ಗಟ್ಟಿ ಮಾಡಿದ ಕಾರ್ಬನ್ ಡೈಆಕ್ಸೈಡ್) ಆದ್ರೆ ಮೈಗೆ ತಾಗದ ಹಾಗೆ ಸುತ್ತ ಇಡ್ಬೇಕು, ಅದು ಬಿಡೋ ಗ್ಯಾಸ್ ಮುಚ್ಚಿದ ಕೋಣೇಲಿ ಉಸಿರುಗಟ್ಟಿಸುತ್ತೆ, ಬಾಗಿಲು ಕಿಟಕಿ ತೆಗೆದಿರ್ಬೇಕು. ಏನೂ ಇಲ್ಲ ಅಂದ್ರೆ ತಾತ್ಕಾಲಿಕವಾಗಿ ಮಣ್ಣಲ್ಲಿ ಇಡೋದು ಒಳ್ಳೇದೇ, ಒಳಗೆ ಮಣ್ಣು ತಣ್ಣಗಿರುತ್ತೆ. ಒಂದೂವರೆ ಮೀಟರ್ ಆಳ, ಒಂದೇ ಪದರ, ಪ್ರತಿಯೊಬ್ಬರ ಜಾಗಕ್ಕೂ ಗುರುತು. ಆಮೇಲೆ ತೆಗೆದು ಮನೆಯವರಿಗೆ ಕೊಡಬಹುದು.

ಈಗ ಬೆಳ್ಳಿಚುಕ್ಕಿ ಅವ್ರ ದೊಡ್ಡಮ್ಮನ ಪ್ರಶ್ನೆ. ಅದು ನನಗೆ ಬಹಳ ಸಲ ಕೇಳಿ ಗೊತ್ತಿರೋ ಪ್ರಶ್ನೆ. ಅದಕ್ಕೆ ಉತ್ತರ ಇರೋದು ಜಿಪ್ ಎಳೆಯೋಕೆ ಮುಂಚಿನ ಸ್ವಲ್ಪ ಹೊತ್ತಲ್ಲಿ. ವಾರ್ಡಲ್ಲಿ ತೀರಿಕೊಂಡ ತಕ್ಷಣ ಕಾಲಿಗೋ ಕೈಗೋ ಒಂದು ಟ್ಯಾಗ್, ನೀರು ಬಿದ್ರೂ ಅಳಿಸದ ಪೆನ್ನಲ್ಲಿ ನಂಬರ್ ಬರೆದು. ಆ ನಂಬರ್ ಕಾಣೋ ಹಾಗೆ ಪಕ್ಕದಲ್ಲಿಟ್ಟು ಮುಖದ ಫೋಟೋ, ಪೂರ್ತಿ ಮೈಯದ್ದು ಇನ್ನೊಂದು, ಮಚ್ಚೆಯೋ ಹಳೇ ಗಾಯದ ಗುರುತೋ ಇದ್ರೆ ಅದರದ್ದೂ. ಮುಖ ಒರೆಸಿ ಕೂದಲು ಸರಿಮಾಡಿ ತೆಗೀರಿ, ಆ ಫೋಟೋನ ನಾಳೆ ಮಗಳು ನೋಡ್ತಾಳೆ. ಬ್ಯಾಗ್ ಹಾಕಿದ್ರೆ ಹೊರಗಡೆ ಅದೇ ನಂಬರ್ ಮತ್ತೆ, ಒಡವೆ ಫೋನು ಇರೋ ಕವರ್‌ಗೂ ಅದೇ ನಂಬರ್, ರಿಜಿಸ್ಟರಲ್ಲೂ ಅದೇ. ಟ್ಯಾಗ್ ಬ್ಯಾಗ್ ಮೇಲೆ ಮಾತ್ರ ಅಂಟಿಸಿ ಒಳಗೆ ಕಾಲಿಗೆ ಕಟ್ಟದೇ ಬಿಟ್ರು ಅಂದ್ರೆ ಬ್ಯಾಗ್ ಬದಲಾಯಿಸಿದ ದಿನಾನೇ ಹೆಸರು ಹೋಯ್ತು. ಈಕ್ವೆಡಾರ್‌ನ ಗ್ವಾಯಾಕಿಲಲ್ಲಿ 2020ರಲ್ಲಿ ಗುರುತು ತಪ್ಪಿ, ಒಬ್ಬ ಹೆಂಗಸು ಸತ್ತಿದಾರೆ ಅಂತ ಹೇಳಿ ಮನೆಗೆ ಬೂದೀನೂ ಕೊಟ್ಟಿದ್ರು, ಆಮೇಲೆ ನೋಡಿದ್ರೆ ಆ ಹೆಂಗಸು ಆಸ್ಪತ್ರೇಲಿ ಬದುಕಿದ್ರು. ಆ ಬೂದಿ ಯಾರದ್ದೋ.

ಬ್ಯಾಗ್‌ನ ಮುಖದ ಹತ್ರ ಮಾತ್ರ ಜಿಪ್ ಇಳಿಸಿ, ಮನೆಯವರನ್ನ ಮಾಸ್ಕ್ ಹಾಕಿಸಿ ಒಂದು ಮೀಟರ್ ದೂರ ನಿಲ್ಲಿಸಿ ತೋರಿಸೋಕೆ ಎಷ್ಟು ಹೊತ್ತು ಬೇಕು ಹೇಳಿ. ಎಬೋಲಾದಲ್ಲೇ ದೂರದಿಂದ ನೋಡೋಕೆ ಬಿಡ್ತಾರೆ. ತೋರಿಸಲ್ಲ ಅನ್ನೋದು ಬಹಳ ಕಡೆ ಜನ ಸಾಲದೇ ಇದ್ದಿದ್ದಕ್ಕೆ ಮಾಡಿದ್ದು, ಅದಕ್ಕೆ ಸೇಫ್ಟಿ ಅಂತ ಹೆಸರಿಟ್ರು. ನಮ್ಮೋರೇ ಮಾಡಿದ್ದು, ಅದಕ್ಕೇ ಹೇಳ್ತಿದೀನಿ.

ಬೆಳ್ಳಿಚುಕ್ಕಿ:

ನೈಟ್‌ಡ್ಯೂಟಿ ಸರ್, ಇದನ್ನ ದೊಡ್ಡಮ್ಮಂಗೆ ಓದಿ ಹೇಳ್ಬೇಕೋ ಬೇಡ್ವೋ ಗೊತ್ತಾಗ್ತಿಲ್ಲ, ಫೋಟೋ ಏನಾದ್ರೂ ರೆಕಾರ್ಡಲ್ಲಿ ಇರ್ಬಹುದಾ ಅಂತ ಮೊದ್ಲು ವಿಚಾರಿಸ್ತೀನಿ. ಗುಬ್ಬಚ್ಚಿ ಅವ್ರೇ ನಿಮಗೂ ಥ್ಯಾಂಕ್ಸ್. ಇನ್ನೊಂದು ಉಳೀತು, ಆಸ್ಪತ್ರೆಗೆ ಹೋಗದೇ ಮನೇಲೇ ತೀರಿಕೊಂಡ್ರೆ? ಬಟ್ಟೆಬರೆ?

ಪುಟ್ಟಕ್ಕ:

ಮಧ್ಯೆ ಬಾಯಿ ಹಾಕ್ತಿದೀನಿ. ಎಲ್ರೂ ಹೆಣದ ಬಗ್ಗೆನೇ ಮಾತಾಡ್ತಿದೀರಾ, ಬಂದಿರೋ ಬದುಕಿರೋ ಜನರ ಬಗ್ಗೆ ಯಾರೂ ಹೇಳ್ತಿಲ್ಲ. ಉಸಿರಿಂದ ಹರಡೋ ರೋಗದಲ್ಲಿ ಸಾವಿನ ಮನೇಲಿ ಅಂಟೋದು ಅವರಿಂದಾನೇ, ಚಿಕ್ಕ ಕೋಣೇಲಿ ನೂರು ಜನ ಒಬ್ರನ್ನೊಬ್ರು ತಬ್ಕೊಂಡು ಅಳ್ತಾರೆ, ರೋಗಿಯ ಸೇವೆ ಮಾಡಿದೋರು ಅಲ್ಲೇ ಕೂತಿರ್ತಾರೆ, ಅವ್ರಿಗೆ ಆಗ್ಲೇ ಬಂದಿರುತ್ತೆ. ಅದಕ್ಕೆ ಬಯಲಲ್ಲಿ ಮಾಡಿ, ಕಮ್ಮಿ ಜನ, ಬೇಗ ಮುಗಿಸಿ, ದೂರ ಇರೋರಿಗೆ ವಿಡಿಯೋ ಕಾಲ್. ವಿಡಿಯೋ ಹಿಡಿಯೋ ಕೆಲಸ ಮನೆಯವರಿಗೆ ಕೊಡ್ಬೇಡಿ ಮಾತ್ರ, ಬೇರೆ ಯಾರಿಗಾದ್ರೂ ಹೇಳಿ, ಅಪ್ಪನ್ನ ಕಳಿಸೋವಾಗ ಮಗನ ಕಣ್ಣು ಸಿಗ್ನಲ್ ಕಡೆ ಇರ್ಬಾರ್ದು.

ನೈಟ್‌ಡ್ಯೂಟಿ:

ಪುಟ್ಟಕ್ಕ ಹೇಳಿದ್ದು ನೂರಕ್ಕೆ ನೂರು.

ಮನೇಲಿ ತೀರಿಕೊಂಡ್ರೆ ಮೊದ್ಲು ಆರೋಗ್ಯ ಇಲಾಖೆಗೆ ಹೇಳಿ, ಎಬೋಲಾ ತರದ್ದು ಅನ್ನೋ ಅನುಮಾನ ಇದ್ರೆ ಅವರು ಬರೋ ತನಕ ಕೋಣೆ ಬಾಗಿಲು ಎಳೆದು ಎಲ್ರೂ ಹೊರಗೆ. ಕೋವಿಡ್ ತರದ್ದಾದ್ರೆ ಕಿಟಕಿ ತೆಗೀರಿ. ಮನೆಯವರು ಸ್ನಾನ ಮಾಡಿಸಿ ಬಟ್ಟೆ ಹಾಕ್ಲೇಬೇಕು ಅಂದ್ರೆ ಮಾಡಬಹುದು, ಗ್ಲೌಸ್, ಮಾಸ್ಕ್, ನೀರು ಚಿಮ್ಮೋ ಕಡೆ ಕಣ್ಣಿಗೆ ಏನಾದ್ರೂ ಅಡ್ಡ, ಮೈಗೆ ನೀರಿಳಿಯದ ಏಪ್ರನ್, ಸಾಧ್ಯವಾದಷ್ಟು ಕಮ್ಮಿ ಜನ. 60 ದಾಟಿದವರು, ಮಕ್ಕಳು, ಬೇರೆ ಕಾಯಿಲೆ ಇರೋರು ಈ ಕೆಲಸಕ್ಕೆ ಬೇಡ. ಮಾಡಿದೋರು ಗ್ಲೌಸ್ ತೆಗೆದ ಮೇಲೂ ಕೈ ತೊಳೀಬೇಕು, ಗ್ಲೌಸ್ ಇತ್ತಲ್ಲ ಅಂತ ಬಿಡೋದೇ ಜಾಸ್ತಿ.

ಕೋವಿಡ್ ತರದ್ದಾದ್ರೆ ಸಾಮಾನು ಸುಡ್ಬೇಡಿ, ಬಿಸಾಡ್ಲೂ ಬೇಡಿ. ಕನ್ನಡಕ, ಫೋನು, ಉಂಗುರ ಮೊದ್ಲು ಸೋಪಲ್ಲಿ ಒರೆಸಿ ಆಮೇಲೆ ಶೇ. 70ರ ಸ್ಪಿರಿಟ್. ಬಟ್ಟೆ ಮಷಿನ್‌ಗೆ ಹಾಕೋದಾದ್ರೆ 60 ಡಿಗ್ರಿ ಮೇಲಿನ ಬಿಸಿನೀರು. ಮಷಿನ್ ಇಲ್ದಿದ್ರೆ ದೊಡ್ಡ ಡ್ರಮ್ಮಲ್ಲಿ ಬಿಸಿನೀರು ಸೋಪು ಹಾಕಿ ಕೋಲಲ್ಲಿ ತಿರುವಿ, ಕೈ ಹಾಕಿ ಹಿಂಡೋಕೆ ಹೋಗ್ಬೇಡಿ ನೀರು ಚಿಮ್ಮುತ್ತೆ, ಆಮೇಲೆ ಶೇ. 0.05ರ ಕ್ಲೋರಿನ್ ನೀರಲ್ಲಿ ಅರ್ಧ ಗಂಟೆ ನೆನೆಸಿ ಜಾಲಿಸಿ ಬಿಸಿಲಿಗೆ. ಮಂಚ, ಟೇಬಲ್, ಬಾಗಿಲ ಹಿಡಿಗೆ ಶೇ. 0.1, ಅಂದ್ರೆ ಅಂಗಡೀಲಿ ಸಿಗೋ ಶೇ. 5ರ ಬ್ಲೀಚ್ ಒಂದು ಪಾಲಿಗೆ 49 ಪಾಲು ನೀರು. ರಕ್ತ ಗಿಕ್ತ ಚೆಲ್ಲಿದ್ರೆ ಒಂದಕ್ಕೆ 9 ಪಾಲು. ಪ್ರತಿದಿನ ಹೊಸದಾಗಿ ಕಲಸಿ, ಟಾಯ್ಲೆಟ್ ಕ್ಲೀನ್ ಮಾಡೋ ಆ್ಯಸಿಡ್ ಜೊತೆ ಸೇರಿಸ್ಲೇಬೇಡಿ, ವಿಷದ ಗ್ಯಾಸ್ ಬರುತ್ತೆ. ಮತ್ತೆ ಬಂದ ನೆಂಟರ ಮೇಲೆ ಪಂಪ್ ಹಿಡಿದು ಬ್ಲೀಚ್ ಹೊಡಿಯೋ ಹುಚ್ಚು ಯಾರಿಗಾದ್ರೂ ಇದ್ರೆ ಆ ಪಂಪ್ ಕಿತ್ಕೊಳ್ಳಿ ಮೊದ್ಲು.

ಮೇಡಂ, ಫೋಟೋ ವಿಷಯಕ್ಕೆ ಆಸ್ಪತ್ರೆ ರೆಕಾರ್ಡ್ ಸೆಕ್ಷನ್‌ಗೆ ಬಾಯಲ್ಲಿ ಕೇಳ್ಬೇಡಿ, ತೀರಿಕೊಂಡ ದಿನಾಂಕ ಮತ್ತೆ ಮರಣ ಪ್ರಮಾಣಪತ್ರದ ಕಾಪಿ ಇಟ್ಟು ಅರ್ಜಿ ಬರೆದುಕೊಡಿ. ಫೋಟೋ ಇಲ್ದಿದ್ರೂ ಟ್ಯಾಗ್ ನಂಬರ್ ಬರೆದ ರಿಜಿಸ್ಟರ್ ಇರ್ಬಹುದು, ಸ್ಮಶಾನದ ರಿಜಿಸ್ಟರಲ್ಲಿ ಅದೇ ನಂಬರೋ ಹೆಸರೋ ಇದ್ಯಾ ಅಂತ ತಾಳೆ ನೋಡಿ. ಎರಡೂ ಕೂಡಿಬಂದ್ರೆ ದೊಡ್ಡಮ್ಮಂಗೆ ಧೈರ್ಯವಾಗಿ ಹೇಳಬಹುದು.