ಅಪ್‌ಡೇಟ್: ಸ್ಕಿಪ್ ಜೇಮ್ಸ್‌ನ ಶ್ರುತಿ ಸಿಕ್ಕಿತು

ಜ್ಯಾಕ್ ಬ್ರೂಸ್ ಇದ್ದ ಬ್ರಿಟಿಷ್ ರಾಕ್ ತಂಡ ಕ್ರೀಮ್‌ನ 1966ರ ‘ಐಯಾಮ್ ಸೋ ಗ್ಲ್ಯಾಡ್’ ಮೂಲತಃ ಯಾರದು, ಮೂಲ ಗಾಯಕನ ಗಿಟಾರಿನ ಆ ಮಂಕು ನಾದ ಮಾಮೂಲಿ ಶ್ರುತಿಯಲ್ಲಿ (ದಪ್ಪ ತಂತಿಯಿಂದ ಇ-ಎ-ಡಿ-ಜಿ-ಬಿ-ಇ) ಯಾಕೆ ಬರುವುದಿಲ್ಲ ಎಂದು ಕೇಳಿದ್ದೆ. ಹಾಡು ಅಮೆರಿಕದ ಮಿಸಿಸಿಪ್ಪಿಯ ಬೆಂಟೋನಿಯಾದ ಬ್ಲೂಸ್ ಗಾಯಕ ಸ್ಕಿಪ್ ಜೇಮ್ಸ್‌ನದು. 1931ರಲ್ಲಿ ವಿಸ್ಕಾನ್ಸಿನ್‌ನ ಗ್ರಾಫ್ಟನ್‌ನಲ್ಲಿ ಪ್ಯಾರಾಮೌಂಟ್ ರೆಕಾರ್ಡ್ ಕಂಪನಿಗಾಗಿ ಮುದ್ರಿಸಿದ್ದು.

ಗುಟ್ಟು ಇರುವುದು ಡಿ ಮೈನರ್ ಶ್ರುತಿಯಲ್ಲಿ. ದಪ್ಪ ತಂತಿಯಿಂದ ಡಿ-ಎ-ಡಿ-ಎಫ್-ಎ-ಡಿ. ದಪ್ಪ ತಂತಿ 6ನೆಯದು, ತೆಳುವಾದದ್ದು 1ನೆಯದು. 5 ಮತ್ತು 4ನೇ ತಂತಿಯ ಶ್ರುತಿ ಬದಲಿಸುವುದೇ ಬೇಡ. ಉಳಿದ ನಾಲ್ಕನ್ನು ಎರಡೆರಡು ಫ್ರೆಟ್‌ನಷ್ಟು (ಗಿಟಾರಿನ ಕತ್ತಿನ ಮೇಲಿನ ಎರಡು ಮನೆಗಳಷ್ಟು) ಇಳಿಸಿ. ಏನೂ ಬಿಗಿಯಾಗುವುದಿಲ್ಲ, ಹಾಗಾಗಿ ತಂತಿ ಕಿತ್ತುಹೋಗುವ ಭಯವಿಲ್ಲ. ಎಡವುವುದು 3ನೆಯದರಲ್ಲಿ: ಎಫ್‌ವರೆಗೆ ಇಳಿಸದೆ ಎಫ್ ಶಾರ್ಪ್‌ನಲ್ಲೇ ನಿಲ್ಲಿಸಿದರೆ ಅದು ಮೇಜರ್ ಆಗಿಬಿಡುತ್ತದೆ, ವಿಷಾದವೆಲ್ಲ ಮಾಯ. ಸಡಿಲ ತಂತಿ ಫ್ರೆಟ್‌ಗೆ ತಾಗಿ ಗುಂಯ್‌ಗುಟ್ಟಿದರೆ 10ರ ತಂತಿ ಸೆಟ್ ತೆಗೆದು ಅದಕ್ಕಿಂತ ದಪ್ಪವಾದ 12ರದು ಹಾಕಿ. ಇಲ್ಲವೇ ಮಾಮೂಲಿ ಶ್ರುತಿಯಿಂದ 5, 4ನೇ ತಂತಿಗಳನ್ನಷ್ಟೇ ಎರಡು ಫ್ರೆಟ್ ಏರಿಸಿದರೆ ಇ ಮೈನರ್. ಬೆರಳಿಡುವ ಆಕಾರಗಳು ಅವೇ, ಎಳೆತ ಮಾತ್ರ ಜಾಸ್ತಿ.

1931ರ ಮುದ್ರಿಕೆಗಳಲ್ಲಿ ಕರಕರ ಸದ್ದು ವಿಪರೀತ. ಬೆರಳ ಕೆಲಸ ಕಲಿಯುವುದಾದರೆ ಕಣ್ಮರೆಯಾಗಿದ್ದ ಜೇಮ್ಸ್ 1964ರಲ್ಲಿ ಮತ್ತೆ ಪತ್ತೆಯಾದ ನಂತರದ ಮುದ್ರಣಗಳನ್ನು ಮೊದಲು ಕೇಳಿ. ದನಿಗೆ ಮಾತ್ರ ಹಳೆಯದೇ.