ಗೊತ್ತಿದೆ, ಗೊತ್ತಿಲ್ಲ ಅನ್ನುವ ಇಂಗ್ಲಿಷ್ ನುಡಿಗಟ್ಟುಗಳು: ಉರು ಹೊಡೆಯಲಾ, ಬೇಡ್ವಾ?

ಹೊಸ ಕಲಿಕೆ: ಇನ್ನು 3 ವಾರಕ್ಕೆ ಸಂದರ್ಶನವಿದೆ. 'ಇನ್ ದ ಲೂಪ್', 'ಇನ್ ದ ಡಾರ್ಕ್', 'ಆನ್ ದ ಬಾಲ್', 'ಟರ್ನ್ ಎ ಬ್ಲೈಂಡ್ ಐ'. ಇವುಗಳಲ್ಲಿ ಯಾವುದು ತಿಳಿದವರಿಗೆ, ಯಾವುದು ತಿಳಿಯದವರಿಗೆ ಅಂತ ಗೊಂದಲ. ನೀವೆಲ್ಲ ಹೇಗೆ ಕಲಿತಿರಿ?

ಮೂರು ನೋಟ್‌ಬುಕ್: ನಾನು ಉರು ಹೊಡೆದವಳು. 14 ತಿಂಗಳು, ದಿನಕ್ಕೆ 5 ನುಡಿಗಟ್ಟು. ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ, ನಡುವೆ ಕೆಂಪು ಗೆರೆ. ಎರಡನೇ ನೋಟ್‌ಬುಕ್ ಮಳೆಯಲ್ಲಿ ನೆನೆದು 60 ಪುಟ ಮತ್ತೆ ಬರೆದೆ. ಇಷ್ಟೆಲ್ಲ ಮಾಡಿ ಮೊದಲ ಮೀಟಿಂಗ್‌ನಲ್ಲೇ ಮರ್ಯಾದೆ ಕಳೆದುಕೊಂಡೆ. ಲೆಕ್ಕದಲ್ಲಿದ್ದ ತಪ್ಪು ಯಾಕೆ ಕಾಣಲಿಲ್ಲ ಅಂತ ಬಾಸ್ ಕೇಳಿದರು. ಗಮನಕ್ಕೆ ಬರಲಿಲ್ಲ ಅನ್ನಲು ಹೋಗಿ 'ಐ ಟರ್ನ್ಡ್ ಎ ಬ್ಲೈಂಡ್ ಐ' ಅಂದೆ. ನೋಡಿದೆ, ಬೇಕಂತಲೇ ಸುಮ್ನಿದ್ದೆ ಅಂತ ನಾನೇ ಒಪ್ಪಿಕೊಂಡ ಹಾಗಾಯಿತು! ನೋಟ್‌ಬುಕ್ ತೆಗೆದು ನೋಡಿದರೆ ಬಲಗಡೆ 'ಗಮನಿಸದಿರುವುದು' ಅಂತಷ್ಟೇ ಇತ್ತು. ಆ ಒಂದು ಪದಕ್ಕೆ 2 ಪುಟ ವಿವರಣೆ ಬರೆದುಕೊಟ್ಟೆ. ಆದರೂ ಹೇಳ್ತೀನಿ, ಪಟ್ಟಿ ಬಿಡಬೇಡಿ.

ಕಥೆ ಹುಡುಕುವವ: ಉರು ಹೊಡೆದರೆ ಇದೇ ಗತಿ. ಹಿಂದಿನ ಕಥೆ ಗೊತ್ತಿದ್ದರೆ ಎಡವುವುದೇ ಇಲ್ಲ. 1801ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಕದನ. ಕಾದಾಟ ನಿಲ್ಲಿಸು ಅಂತ ಮೇಲಧಿಕಾರಿ ಹೈಡ್ ಪಾರ್ಕರ್ ಬಾವುಟ ಏರಿಸಿದ. ಅವನ ಕೈಕೆಳಗಿದ್ದ ನೆಲ್ಸನ್ ದುರ್ಬೀನನ್ನು ಕುರುಡು ಕಣ್ಣಿಗೆ ಹಿಡಿದು, ನನಗೇನೂ ಕಾಣ್ತಿಲ್ಲ ಅಂದನಂತೆ. ಆ ಕಣ್ಣು 1794ರಲ್ಲೇ ಕಾರ್ಸಿಕಾದಲ್ಲಿ ಹೋಗಿತ್ತು. (ಈ ಮಾತು ನೆಲ್ಸನ್‌ಗಿಂತ ಹಳೆಯದು ಅನ್ನುವವರೂ ಇದ್ದಾರೆ.) ಹಾಗೇ 'ಕ್ಲೂ' ಅಂದರೆ ಮೊದಲು ನೂಲಿನ ಉಂಡೆ. ಗ್ರೀಕ್ ಕಥೆಯ ಥೀಸಿಯಸ್ ದಾರಿ ತಪ್ಪಿಸುವ ಸುತ್ತುಬಳಸಿನ ಕಟ್ಟಡದಿಂದ ಹೊರಬಂದದ್ದು ನೂಲು ಹಿಡಿದುಕೊಂಡೇ. 'ಐ ಹ್ಯಾವ್ ನೋ ಕ್ಲೂ' ಅಂದರೆ ಕೈಯಲ್ಲಿ ಎಳೆಯೇ ಇಲ್ಲ. ಇದಕ್ಕೆ ನನ್ನ 2 ವರ್ಷದ ರಾತ್ರಿಗಳು ಹೋದವು, ಕನ್ನಡಕದ ನಂಬರ್ ಎರಡು ಸಲ ಏರಿತು. ಬೇಜಾರಿಲ್ಲ.

ಮೂರು ನೋಟ್‌ಬುಕ್: ನೆಲ್ಸನ್ ಕಥೆ ಹೇಳಿ ಸಂದರ್ಶನ ಪಾಸಾದಿರಾ?

ಕಥೆ ಹುಡುಕುವವ: ಇಲ್ಲ. 4 ಸಲ ಫೇಲ್. ಅದಕ್ಕೆ ಬೇರೆ ಕಾರಣ ಇತ್ತು.

ಜಾಣಕುರುಡ: ಕನ್ನಡದಲ್ಲಿ 'ಜಾಣಕುರುಡು' ಇರುವಾಗ ಡೆನ್ಮಾರ್ಕ್‌ವರೆಗೆ ಯಾಕೆ ಹೋಗಬೇಕು? ನಾನು ಎಲ್ಲಕ್ಕೂ ಕನ್ನಡದ ಜೋಡಿ ಹುಡುಕಿದೆ. 'ಕೀಪ್ ಯುವರ್ ಐಸ್ ಪೀಲ್ಡ್', ಮೈಯೆಲ್ಲ ಕಣ್ಣಾಗಿರು. 'ಗೆಟ್ ವಿಂಡ್ ಆಫ್', ಸುಳಿವು ಸಿಗು. ಸಲೀಸು. ಮುಗ್ಗರಿಸಿದ್ದು 'ಆನ್ ಯುವರ್ ಟೋಸ್' ಹತ್ತಿರ. ನಮ್ಮ ತುದಿಗಾಲಲ್ಲಿ ನಿಲ್ಲುವುದು ಅಂದುಕೊಂಡು, ಕೆಲಸಕ್ಕೆ ಸೇರಲು ಕಾತರ ಅಂತ ಹೇಳಲು ಅರ್ಜಿಯಲ್ಲಿ 'ಐ ಆಮ್ ಆನ್ ಮೈ ಟೋಸ್ ಟು ಜಾಯಿನ್' ಅಂತ ಬರೆದೆ. ಅವರ ತುದಿಗಾಲು ಕಾತರಕ್ಕಲ್ಲ, ಎಚ್ಚರಕ್ಕೆ. ಅದೇ ಸಾಲಿನ 9 ಅರ್ಜಿ ಹೋದವು. ಒಂದಕ್ಕೂ ಉತ್ತರ ಬರಲಿಲ್ಲ.

ಸರಳ ಮಾತು: ನುಡಿಗಟ್ಟೇ ಬೇಡ ಅಂತ 6 ವರ್ಷ ಹಟ ಹಿಡಿದವನು ನಾನು. 'ಐ ವಾಸ್ ನಾಟ್ ಅವೇರ್' ಅಂದರೆ ಸಾಕಲ್ವಾ? ಆಡುವುದಕ್ಕೇನೋ ಸಾಕು, ಕೇಳುವುದಕ್ಕೆ ಸಾಲದು. ಮ್ಯಾನೇಜರ್ ಒಮ್ಮೆ 'ಯು ಆರ್ ಆನ್ ದ ಬಾಲ್' ಅಂದರು. ಚುರುಕಾಗಿದ್ದೀಯ ಅಂತ ಹೊಗಳಿದ್ದು. ನಾನು ತಲೆ ತಗ್ಗಿಸಿ 'ಸಾರಿ ಸರ್' ಅಂದೆ.

ಜಾಣಕುರುಡ: ಅದಕ್ಕೇ ಜೋಡಿ ಬೇಕು ಅಂದಿದ್ದು. 'ಹೆಡ್ ಇನ್ ದ ಸ್ಯಾಂಡ್'ಗೆ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಇಲ್ವಾ?

ಮೂರು ನೋಟ್‌ಬುಕ್: ತಪ್ಪು! ಬೆಕ್ಕು ತನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡಿದೆ. ಮರಳಲ್ಲಿ ತಲೆ ಹುದುಗಿಸುವ ಉಷ್ಟ್ರಪಕ್ಷಿ, ತಾನು ನೋಡದಿದ್ದರೆ ಅಪಾಯವೇ ಇಲ್ಲ ಅಂದುಕೊಂಡಿದೆ. ಎರಡೂ ಒಂದೇನಾ?

ಕಥೆ ಹುಡುಕುವವ: ಉಷ್ಟ್ರಪಕ್ಷಿ ಮರಳಲ್ಲಿ ತಲೆ ಹುದುಗಿಸುವುದೇ ಇಲ್ಲ. ನೆಲದ ಗುಂಡಿಯಲ್ಲಿ ಮೊಟ್ಟೆ ಇಟ್ಟು ಕೊಕ್ಕಿನಿಂದ ತಿರುಗಿಸುತ್ತದೆ. ದೂರದಿಂದ ಹಾಗೆ ಕಾಣುತ್ತದೆ, ಅಷ್ಟೇ.

ಮೂರು ನೋಟ್‌ಬುಕ್: ಪಕ್ಷಿಪಾಠ ಯಾರು ಕೇಳಿದರು?

ಹೊಸ ಕಲಿಕೆ: 'ಇನ್ ದ ಲೂಪ್' ಬಗ್ಗೆ ಯಾರೂ ಹೇಳಲೇ ಇಲ್ಲ...

ಸರಳ ಮಾತು: ಸುದ್ದಿ ಹಂಚಿಕೊಳ್ಳುವ ಗುಂಪಿನೊಳಗೆ ಇದ್ದರೆ 'ಇನ್'. ಈಗ ನಿಮ್ಮನ್ನು ಬಿಟ್ಟು ನಾವೇ ಮಾತಾಡಿಕೊಳ್ಳುತ್ತಿದ್ದೇವಲ್ಲ, ನೀವು 'ಔಟ್'.

ಜಾಣಕುರುಡ: ಅದಿರಲಿ, ಬೆಕ್ಕಿನ ವಿಷಯ ಇನ್ನೂ ಮುಗಿದಿಲ್ಲ.